ಕೈಗೆ ತಿಳಿಯಬೇಕಾದ ಲೆಕ್ಕ

ಕುಂದಗೋಳದ ಸೀಮೆಯಲ್ಲಿ ಗೋಲಿ ಆಡಿ ಬೆಳೆದವರಿಗೆ ಒಂದು ಕಷ್ಟ ಚೆನ್ನಾಗಿ ಗೊತ್ತು. ಮಳೆಗಾಲದಲ್ಲಿ ಅಲ್ಲಿಯ ಎರೆಮಣ್ಣು ಅಂಟಾಗಿ ಗೋಲಿಯನ್ನು ಉರುಳಗೊಡುವುದಿಲ್ಲ. ಬೇಸಗೆ ಬಂದರೆ ಅದೇ ಮಣ್ಣು ಬಾಯಿಬಿಟ್ಟು, ಗುರಿಯಿಟ್ಟು ಹೊಡೆದ ಗೋಲಿಯನ್ನು ಬಿರುಕಿನೊಳಗೆ ನುಂಗಿಬಿಡುತ್ತದೆ. ಆದುದರಿಂದ ಹುಡುಗರು ಗುಡಿಯ ಮುಂದಿನ, ಜನ ತುಳಿದು ಗಟ್ಟಿಯಾದ ನೆಲವನ್ನೇ ಹುಡುಕಿಕೊಂಡು ಹೋಗುವರು. ಅಂಥ ನೆಲದ ಮೇಲೆ ಬೆರಳನ್ನು ಬಿಲ್ಲಿನಂತೆ ಬಾಗಿಸಿ, ಎದುರಾಳಿಯ ಗೋಲಿಯನ್ನು ಠಣ್ಣೆಂದು ಹಾರಿಸಿದವರ ಪೈಕಿ, ಮುಂದೆ ಗಣಿತದ ಮಾಸ್ತರರಾದ ಒಬ್ಬರಿದ್ದರು. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಹಳ್ಳಿಯ ಶಾಲೆಗಳಲ್ಲಿ ಕೋನ, ತ್ರಿಕೋನಗಳನ್ನು ಕಲಿಸಿ, ನಿವೃತ್ತರಾಗಿ ಅವರು ಊರಿಗೆ ಬಂದು ನೆಲೆಸಿದರು. ಮರೆತುಹೋಗಿದ್ದ ಆ ಗೋಲಿಯ ಆಟ 64ನೆಯ ವಯಸ್ಸಿನಲ್ಲಿ ನೆನಪಾಗಲು ಕಾರಣವಾದುದು ಮಗನ ಮನೆಯ ಒಂದು ಜಗಳ.

ಮಗನ ಸಂಸಾರ ಹುಬ್ಬಳ್ಳಿಯಲ್ಲಿ. ಹತ್ತನೆಯ ತರಗತಿಯ ಮೊಮ್ಮಗ ಟ್ಯೂಶನ್ನಿನ ಹೆಸರು ಹೇಳಿ ಪೂಲ್ ಆಡುವ ಕೋಣೆಗೆ ಹೋಗುತ್ತಿರುವನೆಂದು ಒಂದು ದಿನ ಸುದ್ದಿ ಬಂದಿತು. “ಮಾವನವರ, ನೀವ ಬಂದು ಒಂದು ಮಾತು ಹೇಳ್ರಿ. ಅಲ್ಲಿ ಎಂಥೆಂಥಾ ಮಂದಿ ಬರತಾರೋ ಏನೋ” ಎಂದು ಸೊಸೆ ಫೋನಿನಲ್ಲಿ ಅತ್ತಳು. ಮಾಸ್ತರರು ಮರುದಿನವೇ ಕೊಡೆಯನ್ನು ಬೆತ್ತದಂತೆ ಹಿಡಿದುಕೊಂಡು ಆ ಕೋಣೆಯ ಮೆಟ್ಟಿಲನ್ನು ಹತ್ತಿದರು.

ಒಳಗೆ ಅವರು ಕಲ್ಪಿಸಿಕೊಂಡಿದ್ದ ಹೊಗೆಯಾಗಲಿ ಗದ್ದಲವಾಗಲಿ ಇರಲಿಲ್ಲ. ತೂಗುದೀಪದ ಕೆಳಗೆ ಹಸಿರು ಬನಾತು ಹೊದಿಸಿದ ದೊಡ್ಡ ಮೇಜು. ಅದರ ಸುತ್ತ ಮೂರು ನಾಲ್ಕು ಹುಡುಗರು. ಮೊಮ್ಮಗ ಕೋಲನ್ನು ಹಿಡಿದು, ಬಣ್ಣದ ಚೆಂಡೊಂದನ್ನು ಎದುರಿನ ಅಂಚಿಗೆ ತಾಗಿಸಿ, ಮರಳಿ ಈಚೆಯ ಕುಳಿಗೆ ಬೀಳಿಸಲು ಹವಣಿಸುತ್ತಿದ್ದನು. ಬೈಯಲು ಬಾಯಿ ತೆರೆದ ಮಾಸ್ತರರಿಂದ ಹೊರಬಿದ್ದ ಮಾತು ಬೇರೆಯೇ: “ಕೋನ ತಪ್ಪೇತೋ.”

ಹುಡುಗ ಬೆಚ್ಚಿದನು, ಮರುಕ್ಷಣ ಧೈರ್ಯ ತಂದುಕೊಂಡು, “ಹಂಗಾದ್ರ ನೀನ ಹೊಡದು ತೋರ್ಸಜ್ಜ” ಎಂದನು.

ಚೆಂಡು ಅಂಚಿಗೆ ಎಷ್ಟು ಕೋನದಲ್ಲಿ ಹೋಗುವುದೋ ಅಷ್ಟೇ ಕೋನದಲ್ಲಿ ಮರಳುವುದು ಎಂಬುದು ಅವರು ಕಪ್ಪು ಹಲಗೆಯ ಮೇಲೆ ಸಾವಿರ ಸಲ ಬರೆದ ನಿಯಮ. ಕೊಡೆಯನ್ನು ಗೋಡೆಗೆ ಒರಗಿಸಿ, ಕಣ್ಣಳತೆಯಲ್ಲಿ ಕೋನವನ್ನು ಗುರುತಿಸಿ, ಬಲವಾಗಿ ಹೊಡೆದರು. ಬಣ್ಣದ ಚೆಂಡು ಕುಳಿಯನ್ನು ಗೇಣುದ್ದ ತಪ್ಪಿಸಿಕೊಂಡು ಹೋಯಿತು. ಬಿಳಿ ಚೆಂಡು ತಾನಾಗಿ ಇನ್ನೊಂದು ಮೂಲೆಯ ಕುಳಿಗೆ ಬಿದ್ದಿತು. ಹುಡುಗರೆಲ್ಲ ನಕ್ಕರು. ನಗದೆ ಇದ್ದವನು ಮೇಜಿನ ಬನಾತಿಗೆ ಬ್ರಷ್ಷು ಹಾಕುವ, ಕೋಣೆಯನ್ನು ನೋಡಿಕೊಳ್ಳುವ ನಲವತ್ತರ ಆಸುಪಾಸಿನ ಮನುಷ್ಯನೊಬ್ಬನೇ. ಅವನು ಬಿದ್ದ ಚೆಂಡನ್ನು ತೆಗೆದು ಮೊದಲಿನ ಜಾಗದಲ್ಲಿಟ್ಟು, “ಮತ್ತೊಮ್ಮೆ ಇಟ್ಟು ನೋಡ್ರಿ ಸರ” ಎಂದನು.

ಆ ‘ಸರ’ ಎಂಬ ಕರೆಯಲ್ಲಿ ಹಳೆಯ ಪರಿಚಯವಿತ್ತು. ಮಾಸ್ತರರು ಮುಖವೆತ್ತಿ ನೋಡಿದರು. ಮೂರನೆಯ ಬೆಂಚಿನ ಗೋಡೆಯ ಬದಿಯ ಹುಡುಗ. ಎಸ್.ಎಸ್.ಎಲ್.ಸಿ.ಯಲ್ಲಿ ಗಣಿತವೊಂದರಲ್ಲೇ ಎರಡು ಸಲ ತಪ್ಪಿ, ಶಾಲೆಗೆ ಶರಣು ಹೊಡೆದು ಹೋದವನು.

ಆ ರಾತ್ರಿ ಕುಂದಗೋಳದ ಮನೆಯಲ್ಲಿ ಮಾಸ್ತರರಿಗೆ ನಿದ್ರೆ ಬರಲಿಲ್ಲ. ಎದ್ದು ದೀಪ ಹಾಕಿ, ಕಾಗದ ತೆಗೆದುಕೊಂಡು ಲೆಕ್ಕ ಹಾಕತೊಡಗಿದರು. 9 ಅಡಿಯ ಪೂಲ್ ಮೇಜಿನ ಮೇಲೆ ಆಡುವ ಜಾಗದ ಉದ್ದ 100 ಅಂಗುಲ, ಅಗಲ 50 ಅಂಗುಲ. ಚೆಂಡಿನ ವ್ಯಾಸ 2¼ ಅಂಗುಲ, ಎಂದರೆ 57 ಮಿಲಿಮೀಟರು. ಮೂಲೆಯ ಕುಳಿಯ ಬಾಯಿ ಸುಮಾರು ನಾಲ್ಕೂವರೆ ಅಂಗುಲ. ನೋಡಿದರೆ ಚೆಂಡಿನ ಎರಡರಷ್ಟು ಅಗಲ. ಯಾರಾದರೂ ಹಾಕಬಹುದು ಎನ್ನಿಸುತ್ತದೆ. ಆದರೆ ಬಣ್ಣದ ಚೆಂಡು ಕುಳಿಯಿಂದ 3 ಅಡಿ ದೂರದಲ್ಲಿದ್ದರೆ ಅದು ಹಿಡಿದ ದಾರಿ ಎರಡು ಅಂಶದಷ್ಟು ಓರೆಯಾದರೂ ಕುಳಿ ತಪ್ಪುತ್ತದೆ. ಹಾಗೆ ಓರೆಯಾಗದಿರಬೇಕಾದರೆ, ಬಿಳಿ ಚೆಂಡು ಅದನ್ನು ತಾಗುವ ಗಳಿಗೆಯಲ್ಲಿ ತನ್ನ ಸರಿಯಾದ ಜಾಗದಿಂದ ಅತ್ತಿತ್ತ 2 ಮಿಲಿಮೀಟರಿನಷ್ಟೂ ಸರಿದಿರಕೂಡದು. ಬಿಳಿ ಚೆಂಡೂ 3 ಅಡಿಯಿಂದ ಬರಬೇಕಾಗಿದ್ದರೆ, ಅದರ ದಿಕ್ಕಿನಲ್ಲಿ ಆಗಬಹುದಾದ ತಪ್ಪು ಒಂದು ಅಂಶದ ಒಂಬತ್ತನೆಯ ಒಂದು ಪಾಲು ಮಾತ್ರ. ಮಾಸ್ತರರು ಕಾಗದವನ್ನು ಮಡಿಚಿಟ್ಟರು. ಲೆಕ್ಕ ಸರಿಯಾಗಿತ್ತು. ಅದನ್ನು ಕೈಗೆ ಹೇಳುವ ಬಗೆ ಮಾತ್ರ ಯಾವ ಪುಸ್ತಕದಲ್ಲಿಯೂ ಇರಲಿಲ್ಲ.

ಮುಂದಿನ ಮಂಗಳವಾರ ಬೆಳಿಗ್ಗೆ ಅವರು ಮತ್ತೆ ಹುಬ್ಬಳ್ಳಿಯ ರೈಲು ಹತ್ತಿದರು. ಆ ಹಳಿಗೆ ಇಂಥ ಪ್ರಯಾಣ ಹೊಸದಲ್ಲ. 1930ರ ದಶಕದ ಕೊನೆಯಲ್ಲಿ ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ಇದೇ ದಾರಿಯಲ್ಲಿ ಕುಂದಗೋಳಕ್ಕೆ ಬಂದು, ಸವಾಯಿ ಗಂಧರ್ವರ ಎದುರಿಗೆ ಕುಳಿತು ಹಾಡು ಕಲಿತು, ಮತ್ತೆ ರೈಲಿನಲ್ಲಿ ಮನೆಗೆ ಮರಳುತ್ತಿದ್ದರು. ಅಂದು ಸಂಗೀತಕ್ಕಾಗಿ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ; ಇಂದು ಆಟಕ್ಕಾಗಿ ಕುಂದಗೋಳದಿಂದ ಹುಬ್ಬಳ್ಳಿಗೆ. ಹೋಲಿಕೆ ಮನಸ್ಸಿಗೆ ಬಂದಾಗ ಮಾಸ್ತರರು ತಮಗೆ ತಾವೇ ನಾಚಿಕೊಂಡರು. ಆದರೂ ರೈಲಿನಿಂದ ಇಳಿಯಲಿಲ್ಲ.

ಮುಂಜಾನೆ ಕೋಣೆಯಲ್ಲಿ ಯಾರೂ ಇರುತ್ತಿರಲಿಲ್ಲ. ಹಳೆಯ ಶಿಷ್ಯ ಮೇಜಿನ ಮುಸುಕನ್ನು ತೆಗೆದು, ಬನಾತನ್ನು ಒಂದೇ ದಿಕ್ಕಿಗೆ ಒರೆಸುತ್ತ, “ಇದರ ಹೊಟ್ಟಿಯೊಳಗ ಏನೈತಿ ಗೊತ್ತೇನ್ರಿ ಸರ? ಪಾಟಿಕಲ್ಲು” ಎಂದನು. ಮಾಸ್ತರರು ಅಚ್ಚರಿಯಿಂದ ಬನಾತಿನ ಮೇಲೆ ಅಂಗೈ ಇಟ್ಟರು. ಒಳ್ಳೆಯ ಮೇಜಿನಲ್ಲಿ ಬನಾತಿನ ಅಡಿಗಿರುವುದು ಸುಮಾರು ಒಂದು ಅಂಗುಲ ದಪ್ಪದ ಪಾಟಿಕಲ್ಲಿನ ಚಪ್ಪಡಿ. ಮರದಂತೆ ಅದು ಮಳೆಗಾಲದಲ್ಲಿ ಉಬ್ಬುವುದಿಲ್ಲ, ಬಾಗುವುದಿಲ್ಲ. ಅವರು ಎಷ್ಟೋ ಮಕ್ಕಳಿಗೆ ಅಕ್ಷರ ತಿದ್ದಿಸಿದ ಕಲ್ಲಿನ ಮೇಲೆಯೇ ಈಗ ತಾವು ತಿದ್ದಬೇಕಾಗಿತ್ತು. ಕೋಲಿನ ತುದಿಗೆ ಹಚ್ಚುವ ನೀಲಿ ಗಟ್ಟಿ ಮಾತ್ರ ಶಾಲೆಯ ಖಡುವಲ್ಲ. ಚೆಂಡಿನ ಮೇಲಿಂದ ತುದಿ ಜಾರದಂತೆ ಹಿಡಿದುಕೊಳ್ಳುವ ಒರಟು ಪುಡಿ ಅದು.

ಮೊದಲ ತಿಂಗಳು ಶಿಷ್ಯ ಅವರಿಗೆ ಆಟ ಆಡಗೊಡಲಿಲ್ಲ. 15 ಬಣ್ಣದ ಚೆಂಡುಗಳಲ್ಲಿ 14 ಪೆಟ್ಟಿಗೆಯಲ್ಲಿಯೇ ಉಳಿದವು. ಮೇಜಿನ ಮೇಲೆ ಬಿಳಿಯದೊಂದು, ಬಣ್ಣದ್ದೊಂದು. ಎರಡೂ ಮೂಲೆಯ ಕುಳಿಗೆ ನೇರವಾಗಿ. ಓರೆಯಿಲ್ಲ, ಅಂಚಿಗೆ ತಾಗಿಸುವುದಿಲ್ಲ, ಚಮತ್ಕಾರವಿಲ್ಲ. ಬಣ್ಣದ ಚೆಂಡು ಕುಳಿಗೆ ಬೀಳಬೇಕು. ಬಿಳಿ ಚೆಂಡು ತಾಗಿದ ಜಾಗದಲ್ಲಿಯೇ ನಿಂತುಬಿಡಬೇಕು. ಈ ಒಂದು ಹೊಡೆತದಲ್ಲಿ ಆಟಗಾರನ ತಪ್ಪುಗಳೆಲ್ಲ ಬಯಲಾಗುತ್ತವೆ. ಬಿಳಿ ಚೆಂಡು ಮುಂದಕ್ಕೆ ಉರುಳಿದರೆ ಹೊಡೆತ ಸಾಕಷ್ಟು ಕೆಳಗೆ ಬಿದ್ದಿಲ್ಲ, ಇಲ್ಲವೆ ಬಲ ಸಾಲದಾಯಿತು. ಹಿಂದಕ್ಕೆ ಬಂದರೆ ಬೇಕಾದುದಕ್ಕಿಂತ ಕೆಳಗೆ ಬಿತ್ತು. ನಿಂತಲ್ಲಿಯೇ ಬುಗುರಿಯಂತೆ ಸುತ್ತಿದರೆ ಕೋಲು ನಡುಗೆರೆಯನ್ನು ಬಿಟ್ಟು ಪಕ್ಕಕ್ಕೆ ಸರಿದಿತ್ತು.

“ಕೋಲು ಭಾಳ ಬಿಗಿ ಹಿಡದೀರಿ ಸರ. ಗುಬ್ಬಿ ಮರಿ ಹಿಡದಂಗ ಹಿಡೀರಿ. ಸಾಯಬಾರದು, ಹಾರಿನೂ ಹೋಗಬಾರದು.”

ಎಡಗೈಯ ಬೆರಳುಗಳು ಬನಾತಿನ ಮೇಲೆ ಸೇತುವೆಯಂತೆ ಕದಲದೆ ನಿಲ್ಲಬೇಕು. ಬಲಗೈಯ ಮುಂದೋಳು ಮೊಣಕೈಯಿಂದ ಗಡಿಯಾರದ ಲೋಲಕದಂತೆ ತೂಗಬೇಕು. ಗದ್ದ ಕೋಲಿನ ಮೇಲಕ್ಕೆ ಇಳಿಯಬೇಕು. ಚೆಂಡಿಗೆ ತಾಗಿದೊಡನೆ ಕೋಲು ನಿಲ್ಲದೆ ಅದೇ ಗೆರೆಯಲ್ಲಿ ಮುಂದೆ ಸಾಗಬೇಕು. ಮನೆಯಲ್ಲಿ ಅಭ್ಯಾಸಕ್ಕೆ ಮೇಜಿಲ್ಲದ್ದರಿಂದ ಶಿಷ್ಯ ಒಂದು ಹಳೆಯ ಉಪಾಯ ಹೇಳಿಕೊಟ್ಟನು. ಖಾಲಿ ಬಾಟಲಿಯನ್ನು ಮೇಜಿನ ಮೇಲೆ ಅಡ್ಡ ಮಲಗಿಸಿ, ಅದರ ಬಾಯಿಯೊಳಗೆ ಕೋಲಿನ ತುದಿಯನ್ನು ಕಂಠಕ್ಕೆ ತಾಗದಂತೆ ಹೋಗಿಸಿ, ಹಿಂದಕ್ಕೆ ತೆಗೆಯುವುದು. ಕುಂದಗೋಳದ ಮನೆಯ ಪಡಸಾಲೆಯಲ್ಲಿ ಪ್ರತಿದಿನ ಬೆಳಿಗ್ಗೆ ಕಿಣಿಕಿಣಿ ಶಬ್ದ ಕೇಳಿ, ಮಾಸ್ತರರು ಈ ವಯಸ್ಸಿನಲ್ಲಿ ಯಾವ ಔಷಧ ಕುದಿಸುತ್ತಿರುವರೋ ಎಂದು ನೆರೆಯವರು ವಿಚಾರಿಸಿದ್ದುಂಟು.

ಒಂದನ್ನೇ ಎಷ್ಟು ದಿನ ಮಾಡುವುದು ಎಂಬ ಬೇಸರ ಬಂದಾಗಲೆಲ್ಲ ಅವರು ಊರಿನ ಕಥೆಯನ್ನು ನೆನೆದುಕೊಳ್ಳುವರು. ಸವಾಯಿ ಗಂಧರ್ವರ ಬಳಿಗೆ ಕಲಿಯಲು ಬಂದ ಭೀಮಸೇನ ಜೋಶಿಯವರು ಗುರುವಿನ ಮನೆಗೆ ನೀರು ಹೊತ್ತು, ಸೇವೆ ಮಾಡಿಕೊಂಡಿದ್ದು, ತೋಡಿ, ಮುಲ್ತಾನಿ, ಪೂರಿಯಾಗಳಂಥ ಕೆಲವೇ ರಾಗಗಳಲ್ಲಿ ಗಂಟೆಗಟ್ಟಲೆ ತಾಲೀಮು ಮಾಡಿದರೆಂಬುದು ಕುಂದಗೋಳದ ಮಕ್ಕಳಿಗೂ ಗೊತ್ತಿರುವ ಮಾತು. ಕೆಲವನ್ನು ಆಳವಾಗಿ ಕಲಿತವನಿಗೆ ಉಳಿದವು ಸುಲಭವಾಗಿ ಒಲಿಯುತ್ತವೆ.

ಎರಡನೆಯ ತಿಂಗಳಲ್ಲಿ ಒಂದು ಅವಮಾನ ಕಾದಿತ್ತು. “ಹೊಡದ ಕೂಡಲೆ ತಲಿ ಎತ್ತತೀರಿ ಸರ” ಎಂದು ಶಿಷ್ಯ ಹೇಳಿದಾಗಲೆಲ್ಲ ಮಾಸ್ತರರು ಇಲ್ಲವೆಂದೇ ವಾದಿಸಿದ್ದರು. ಅವನು ಕೊನೆಗೆ ಮೊಬೈಲಿನಲ್ಲಿ ಚಿತ್ರ ಹಿಡಿದು ತೋರಿಸಿದನು. ಪ್ರತಿ ಹೊಡೆತಕ್ಕೂ, ಕೋಲು ಚೆಂಡನ್ನು ಮುಟ್ಟುವ ಮೊದಲೇ, ಬಿತ್ತೋ ಇಲ್ಲವೋ ಎಂದು ನೋಡುವ ಆತುರಕ್ಕೆ ಅವರ ತಲೆ ಮೇಲೇಳುತ್ತಿತ್ತು. ತಲೆಯೊಡನೆ ಭುಜ, ಭುಜದೊಡನೆ ಕೋಲು. ಫಲವನ್ನು ನೋಡುವ ಅವಸರವೇ ಫಲವನ್ನು ಕೆಡಿಸುತ್ತಿತ್ತು. ಇದನ್ನು ಅವರು ತರಗತಿಯಲ್ಲಿ ಎಷ್ಟೋ ಸಲ ಉಪದೇಶವಾಗಿ ಹೇಳಿದ್ದರು. ತಮ್ಮ ಕುತ್ತಿಗೆಗೆ ಅದು ಅನ್ವಯಿಸುವುದೆಂದು ಮಾತ್ರ ತಿಳಿದಿರಲಿಲ್ಲ.

ಆ ದಿನ ಅವರು ಒಂದು ನೋಟುಪುಸ್ತಕವನ್ನು ಆರಂಭಿಸಿದರು. 20 ಹೊಡೆತಗಳಲ್ಲಿ ಎಷ್ಟು ಬಿದ್ದವು, ತಪ್ಪಿದವು ಎಡಕ್ಕೋ ಬಲಕ್ಕೋ. 7, 9, 8, 11. ಅನಂತರ ಮೂರು ವಾರ 11ರ ಮೇಲೆ ಹೋಗಲೇ ಇಲ್ಲ. ತಪ್ಪಿದವುಗಳ ಪೈಕಿ ಬಹುಪಾಲು ಎಡಕ್ಕೇ ಹೋಗಿದ್ದವು. ಗೆರೆಯಂತೆ ಒಂದೇ ಕಡೆಗೆ ಆಗುವ ತಪ್ಪು ಸಂತೋಷದ ಸಂಗತಿ, ಅದಕ್ಕೊಂದು ಕಾರಣವಿರುತ್ತದೆ. ಬಲಗಾಲನ್ನು ಎರಡು ಅಂಗುಲ ಸರಿಸಿ ನಿಂತಾಗ 14 ಬಿದ್ದವು.

ಹೀಗೆ ನೇರ ಹೊಡೆತ ಕೈಗೆ ಬಂದಿತೆನ್ನುವಷ್ಟರಲ್ಲಿ ಶಿಷ್ಯ ಪಾಠವನ್ನು ಬದಲಾಯಿಸಿದನು. ಒಂದು ನೇರ, ಒಂದು ಅರೆ ಓರೆ, ಒಂದು ದೂರದ್ದು, ಒಂದು ಅಂಚಿನ ಬದಿಯದು. ಯಾವುದೂ ಎರಡು ಸಲ ಬೆನ್ನುಬೆನ್ನಿಗೆ ಇಲ್ಲ. ಮಾಸ್ತರರ ಎಣಿಕೆ 14ರಿಂದ 6ಕ್ಕೆ ಕುಸಿಯಿತು. ಕೋಪ ಬಂದಿತು. “ಒಂದ ಲೆಕ್ಕ ಹತ್ತು ಸಲ ಮಾಡಿದ್ರ ಕೈಗೆ ಕೂಡತೈತಿ. ನೀ ಎಲ್ಲಾ ಕಲಸಿ ಬಿಟ್ಟಿ” ಎಂದರು.

“ಆಟದಾಗ ಒಂದ ಚೆಂಡು ಎರಡು ಸಲ ಬರೂದಿಲ್ರಿ ಸರ” ಎಂದನು ಅವನು ಮೆಲ್ಲಗೆ.

ಅವನು ಅನುಭವದಿಂದ ಕಂಡುಕೊಂಡ ಮಾತಿಗೆ ವಿಜ್ಞಾನದ ಬೆಂಬಲವೂ ಉಂಟು. 1979ರಲ್ಲಿ ಶೀ ಮತ್ತು ಮಾರ್ಗನ್ ಎಂಬ ಅಮೆರಿಕದ ಇಬ್ಬರು ಸಂಶೋಧಕರು ಕೈಚಳಕದ ಕೆಲವು ಕೆಲಸಗಳನ್ನು ಎರಡು ಗುಂಪಿನವರಿಗೆ ಕಲಿಸಿದರು. ಒಂದು ಗುಂಪು ಒಂದೊಂದನ್ನೇ ಮುಗಿಸುತ್ತ ಕಲಿಯಿತು. ಇನ್ನೊಂದು ಎಲ್ಲವನ್ನೂ ಬೆರೆಸಿಕೊಂಡು ಕಲಿಯಿತು. ಕಲಿಯುವಾಗ ಮೊದಲಿನವರೇ ಚುರುಕು. ಆದರೆ ದಿನಗಳು ಕಳೆದು ಪರೀಕ್ಷಿಸಿದಾಗ ನೆನಪಿನಲ್ಲಿ ಉಳಿದುದು ಬೆರೆಸಿ ಕಲಿತವರಿಗೆ. ಅಭ್ಯಾಸದ ದಿನದ ಸುಖ ಬೇರೆ, ಕಲಿಕೆ ಬೇರೆ.

ಶಿಷ್ಯನ ಮಾತನ್ನು ಕೇಳಿ ಮಾಸ್ತರರು ಕೋಲನ್ನು ಮೇಜಿನ ಮೇಲಿಟ್ಟು ಬೆಂಚಿನ ಮೇಲೆ ಕುಳಿತುಬಿಟ್ಟರು. ಮೂವತ್ತು ವರ್ಷ ಅವರು ಕಲಿಸಿದ ಕ್ರಮ ಯಾವುದು? ಬಡ್ಡಿಯ ಅಧ್ಯಾಯ, ಬಡ್ಡಿಯ ಹತ್ತು ಲೆಕ್ಕ. ವೃತ್ತದ ಅಧ್ಯಾಯ, ವೃತ್ತದ ಹತ್ತು ಲೆಕ್ಕ. ಆ ದಿನ ಎಲ್ಲರಿಗೂ ಬರುವುದು. ಪರೀಕ್ಷೆಯಲ್ಲಿ ಎಲ್ಲವೂ ಬೆರೆತು ಬಂದಾಗ ಕೆಲವರ ಕೈ ನಿಲ್ಲುವುದು. ಮೂರನೆಯ ಬೆಂಚಿನ ಹುಡುಗನ ಕೈ ಹಾಗೆಯೇ ನಿಂತಿತ್ತು. ಎರಡನೆಯ ಸಲ ತಪ್ಪಿ ಬಂದಾಗ, ಇಡೀ ತರಗತಿಯ ಎದುರಿಗೆ ಅವರು ಹೇಳಿದ ಮಾತು ಈಗ ಅಕ್ಷರಶಃ ನೆನಪಾಯಿತು: “ತಿಳಿದ್ರೂ ಮಾಡಾಕ ಬರೂದಿಲ್ಲ ಅಂದ್ರ ಅದು ಸೋಮಾರಿತನ. ನಿನ್ನ ಕೈಲೆ ಆಗೂದಿಲ್ಲ, ಬಿಡು.” ಮರುದಿನದಿಂದ ಹುಡುಗ ಬರಲಿಲ್ಲ. ಮಾಸ್ತರರು ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಗೆರೆ ಎಳೆದಿದ್ದರು.

ಮಳೆಗಾಲ ಬಂದಿತು. ತೇವ ಕುಡಿದ ಬನಾತಿನ ಮೇಲೆ ಚೆಂಡು ಬೇಗ ನಿಲ್ಲತೊಡಗಿತು. ಬೇಸಗೆಯಲ್ಲಿ ಕಲಿತ ಬಲವನ್ನೆಲ್ಲ ಮತ್ತೆ ಅಳೆಯಬೇಕಾಯಿತು. ಈಗ ಶಿಷ್ಯ ಆಟದ ಎರಡನೆಯ ಅರ್ಧವನ್ನು ಕಲಿಸುತ್ತಿದ್ದನು. ಚೆಂಡನ್ನು ಕುಳಿಗೆ ಹಾಕುವುದು ಅರ್ಧ ಮಾತ್ರ. ಹಾಕಿದ ಮೇಲೆ ಬಿಳಿ ಚೆಂಡು ಮುಂದಿನ ಹೊಡೆತಕ್ಕೆ ಅನುಕೂಲವಾದ ಕಡೆಗೆ ಹೋಗಿ ನಿಲ್ಲಬೇಕು. ಉರುಳದೆ ಜಾರುತ್ತ ಬಂದ ಬಿಳಿ ಚೆಂಡು ಓರೆಯಾಗಿ ತಾಗಿದರೆ, ಬಣ್ಣದ ಚೆಂಡು ಹೋದ ದಾರಿಗೆ ಲಂಬವಾಗಿ ಸಿಡಿಯುತ್ತದೆ. ಸಹಜವಾಗಿ ಉರುಳಿ ಬಂದು ಅರ್ಧ ಚೆಂಡಿನಷ್ಟು ತಾಗಿದರೆ ತನ್ನ ಮೊದಲಿನ ದಾರಿಯಿಂದ ಸುಮಾರು 30 ಅಂಶ ತಿರುಗುತ್ತದೆ. ಅಂಚಿಗೆ ತಾಗಿ ಮರಳುವ ಚೆಂಡಿನ ಗುಟ್ಟೂ ಆಗ ಹೊರಬಿದ್ದಿತು: ಜೋರಾಗಿ ಹೊಡೆದರೆ ರಬ್ಬರು ಒಳಕ್ಕೆ ಅಮುಕಿ, ಚೆಂಡು ನಿಯಮಕ್ಕಿಂತ ನೆಟ್ಟಗೆ ಹಿಂದಿರುಗುತ್ತದೆ. ಮೊದಲ ದಿನ ಮಾಸ್ತರರು ಹೇಳಿದ ಕೋನ ಸರಿಯಾಗಿಯೇ ಇತ್ತು. ಕನ್ನಡಿಗೂ ರಬ್ಬರಿಗೂ ಇರುವ ಅಂತರವನ್ನು ಅವರು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಕೋಣೆಯ ಗೋಡೆಗೆ ಪತ್ರಿಕೆಯಿಂದ ಕತ್ತರಿಸಿ ಅಂಟಿಸಿದ ಪಂಕಜ ಅಡ್ವಾಣಿಯವರ ಚಿತ್ರವಿತ್ತು. ಬೆಂಗಳೂರಿನಲ್ಲಿ ಅರವಿಂದ ಸವೂರರ ಕೈಯಲ್ಲಿ ಪಳಗಿ, 2003ರಲ್ಲಿ, 18ನೆಯ ವಯಸ್ಸಿಗೇ ಸ್ನೂಕರಿನಲ್ಲಿ ವಿಶ್ವಪಟ್ಟವನ್ನು ಗೆದ್ದವರು ಅವರು. ಅದಕ್ಕೂ ಹಿಂದೆ, 1958ರಲ್ಲಿ ಕಲ್ಕತ್ತೆಯಲ್ಲಿ ವಿಲ್ಸನ್ ಜೋನ್ಸರು ಹವ್ಯಾಸಿ ಬಿಲಿಯರ್ಡ್ಸಿನ ವಿಶ್ವಪಟ್ಟವನ್ನು ಭಾರತಕ್ಕೆ ಮೊದಲ ಬಾರಿ ತಂದಿದ್ದರು. ಪೂಲ್ ಆಟದ ದಾಯಾದಿಯಾದ ಸ್ನೂಕರಂತೂ 1875ರಲ್ಲಿ ಜಬಲಪುರದ ಸೈನ್ಯದ ಅಧಿಕಾರಿಗಳ ನಡುವೆ ಹುಟ್ಟಿ, ಊಟಿಯ ಕ್ಲಬ್ಬಿನಲ್ಲಿ ನಿಯಮ ಬರೆಸಿಕೊಂಡಿತೆಂದು ಹೇಳುತ್ತಾರೆ. ಹೀಗಿದ್ದರೂ ಇದು ನಮ್ಮದಲ್ಲದ, ಕೆಟ್ಟ ಹುಡುಗರ ಆಟವೆಂದು ಮಾಸ್ತರರು ನಂಬಿಕೊಂಡಿದ್ದರು. ಜೂಜು ಎಲ್ಲಿಯೂ ಕೆಟ್ಟದ್ದೇ. ಅದು ಮೇಜಿನ ದೋಷವಲ್ಲ.

ಶ್ರಾವಣದ ಒಂದು ಬೆಳಿಗ್ಗೆ ಮಾಸ್ತರರು ಮೊದಲ ಸಲ ಏಳು ಚೆಂಡುಗಳನ್ನೂ ಕರಿಯ ಎಂಟನೆಯದನ್ನೂ ಒಂದಾದ ಮೇಲೊಂದರಂತೆ ಹಾಕಿದರು. ಶಿಷ್ಯ ಕೋಲನ್ನು ಎರಡು ಸಲ ನೆಲಕ್ಕೆ ಕುಟ್ಟಿದನು; ಆ ಆಟದವರು ಮೆಚ್ಚುಗೆ ತೋರುವ ಬಗೆ ಅದು. ಮಾಸ್ತರರು ಆ ಸಂತೋಷದಲ್ಲಿಯೇ, ಇಲ್ಲದಿದ್ದರೆ ಎಂದೂ ಬಾಯಿ ಬರಲಾರದೆಂದು ಹೆದರಿ, ಕೇಳಿದರು: “ಅವತ್ತ ಸಾಲ್ಯಾಗ ನಾ ಒಂದು ಮಾತು ಅಂದಿದ್ದೆ. ನೆನಪೈತೇನಪಾ?”

ಅವನು ನೀಲಿ ಗಟ್ಟಿಯನ್ನು ತೆಗೆದುಕೊಂಡು ಕೋಲಿನ ತುದಿಗೆ ಹಚ್ಚತೊಡಗಿದನು. “ಇಲ್ರಿ ಸರ. ಭಾಳ ವರ್ಷಾತು” ಎಂದನು. ಆಗಲೇ ನೀಲಿಯಾಗಿದ್ದ ತುದಿಗೆ ಮತ್ತೆ ಮತ್ತೆ ಹಚ್ಚುತ್ತಲೇ ಇದ್ದನು.

ನೆನಪಿಲ್ಲವೆಂದವನ ಬಳಿ ಕ್ಷಮೆ ಕೇಳುವುದು ಹೇಗೆ? ಮಾಸ್ತರರು ಸುಮ್ಮನಾದರು. ಸ್ವಲ್ಪ ಹೊತ್ತಿನ ಮೇಲೆ ಅವನೇ, ಬೇರೆ ಮಾತೆಂಬಂತೆ, “ನನ್ನ ಮಗಳು ಒಂಬತ್ತನೇತ್ತಾ ಅದಾಳ್ರಿ. ಎಲ್ಲಾದ್ರಾಗೂ ಶ್ಯಾಣೆ. ಲೆಕ್ಕದಾಗ ಅಷ್ಟ...” ಎಂದು ನಿಲ್ಲಿಸಿದನು.

ಅಂದಿನಿಂದ ಅವರು ಹುಬ್ಬಳ್ಳಿಗೆ ಬಂದ ದಿನಗಳಲ್ಲಿ ಮುಂಜಾನೆ ಮೇಜು ಶಿಷ್ಯನದು. ಸಂಜೆ, ಮೊಮ್ಮಗನ ಮನೆಯ ಪಡಸಾಲೆ ಮಾಸ್ತರರದು. ಮೊಮ್ಮಗ ಮತ್ತು ಆ ಹುಡುಗಿ ಅಕ್ಕಪಕ್ಕದಲ್ಲಿ ಕುಳಿತು ಲೆಕ್ಕ ಮಾಡುತ್ತಾರೆ. ಸೊಸೆಯ ದೂರು ನಿಂತಿದೆ. ಹುಡುಗ ವಾರಕ್ಕೆ ಒಂದು ದಿನ, ಮನೆಯಲ್ಲಿ ಹೇಳಿಯೇ, ಅಜ್ಜನೊಡನೆ ಆಡಲು ಹೋಗುತ್ತಾನೆ, ಮತ್ತು ಸಾಮಾನ್ಯವಾಗಿ ಅಜ್ಜನನ್ನು ಸೋಲಿಸುತ್ತಾನೆ. ನೋಟುಪುಸ್ತಕ ಈಗ ಎರಡಾಗಿವೆ. ಎರಡನೆಯದರಲ್ಲಿ ಬಡ್ಡಿಯ ಲೆಕ್ಕದ ಕೆಳಗೆ ವೃತ್ತದ್ದು, ಅದರ ಕೆಳಗೆ ಸಮೀಕರಣ. ಯಾವುದೂ ಎರಡು ಸಲ ಬೆನ್ನುಬೆನ್ನಿಗೆ ಇಲ್ಲ. ಅಂಕಗಳ ಬದಲು ತಪ್ಪು ಯಾವ ಕಡೆಗೆ ಹೋಯಿತೆಂಬ ಗುರುತು.

ಮೊನ್ನೆ ಹುಡುಗಿ ಒಂದೇ ಸಮೀಕರಣವನ್ನು ಮೂರನೆಯ ಸಲವೂ ತಪ್ಪಿದಳು. ಚಿಹ್ನೆ ಬದಲಿಸುವಲ್ಲಿ ಅದೇ ತಪ್ಪು. ಅವಳ ಪೆನ್ಸಿಲು ನಿಂತಿತು, ಕಣ್ಣು ತುಂಬಿತು. ಮಾಸ್ತರರ ನಾಲಗೆಯ ತುದಿಗೆ ಮೂವತ್ತು ವರ್ಷದ ರೂಢಿಯ ಮಾತು ಬಂದಿತ್ತು. ಅವರು ಅದನ್ನು ನುಂಗಿಕೊಂಡು, ಪುಟವನ್ನು ತಿರುವಿ, ಅದೇ ಲೆಕ್ಕವನ್ನು ಹೊಸ ಹಾಳೆಯ ಮೇಲೆ ಬರೆದುಕೊಟ್ಟರು.

“ಮತ್ತೊಮ್ಮೆ ಇಟ್ಟು ನೋಡವ್ವಾ” ಎಂದರು.